ಟಪ್ಪಾಲಿನ ಲಾಲ್‌ಸಾಬನ ನಾಡಿ

ಹೋದ ತಿಂಗಳು ಕೆಮ್ಮಿಗೆಂದು ದವಾಖಾನೆಗೆ ಹೋಗಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸಮ್ಮ, ನನ್ನ ಮೊಮ್ಮಗಳ ವಯಸ್ಸಿನವಳು, ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಮುಖ ಸಣ್ಣದು ಮಾಡಿಕೊಂಡು, "ಅಜ್ಜಾರ, ನಿಮ್ಮ ನಾಡಿ ಐವತ್ನಾಕ ಅದರಿ. ಭಾಳ ಕಡಿಮಿ ಆತು. ಒಂದೀಟು ಮಲಕ್ಕೋರಿ, ಡಾಕ್ಟರನ್ನ ಕರೀತೇನಿ" ಅಂದಳು.

ನನಗೆ ನಗು ತಡೆಯಲಾಗಲಿಲ್ಲ. "ಮಲಗಿಸಬ್ಯಾಡ ತಾಯಿ. ಮಲಗಿಸಿದ್ರ ಏನಾಗ್ತದ ಅನ್ನೋದು ನನಗ ಗೊತ್ತದ" ಎಂದೆ. ಹೇಗೆ ಗೊತ್ತು ಎಂದು ಕೇಳಿದಳು. ನನ್ನ ಹಿಂದೆ ಇಪ್ಪತ್ತು ಜನ ಸಾಲಿನಲ್ಲಿ ನಿಂತಿದ್ದರು. ಅವರ ಶಾಪ ಯಾಕೆ ಕಟ್ಟಿಕೊಳ್ಳಲಿ? ಬರೆದು ಕೊಡುತ್ತೇನೆ ಎಂದು ಹೇಳಿ ಬಂದೆ. ಕೊಟ್ಟ ಮಾತಿಗೆ ಕಟ್ಟುಬಿದ್ದು ಬರೆಯುತ್ತಿದ್ದೇನೆ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಕಂಪೌಂಡರ್ ಆಗಿದ್ದೆ. ಕಂಪೌಂಡರ್ ಎಂದರೆ ಡಾಕ್ಟರು ಚೀಟಿಯಲ್ಲಿ ಬರೆದ ಮದ್ದನ್ನು ಕಲಸಿ ಬಾಟಲಿಗೆ ತುಂಬಿ, ಒಂದು ಸಲಕ್ಕೆ ಎಷ್ಟು ಕುಡಿಯಬೇಕೆಂದು ತಿಳಿಯಲು ಕಾಗದದ ಪಟ್ಟಿಯನ್ನು ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿ ಕೊಡುವವನು. ಗಾಯ ತೊಳೆಯುವವನೂ ಅವನೇ, ನಾಡಿ ಎಣಿಸುವವನೂ ಅವನೇ, ಡಾಕ್ಟರಿಗೆ ಸಿಟ್ಟು ಬಂದಾಗ ಎದುರಿಗೆ ಸಿಗುವವನೂ ಅವನೇ. ಬಡ್ತಿಯ ವಿಷಯ ಬರೆಯುವುದಿಲ್ಲ. ಬರೆಯುವಷ್ಟು ಆಗಲೂ ಇಲ್ಲ. ನಾನು ಮಾಡಿದ ಎರಡು ತಪ್ಪುಗಳ ವಿಷಯ ಬರೆಯುತ್ತೇನೆ. ಮೊದಲನೆಯದು ಸಣ್ಣದು. ಅದನ್ನು ತಿದ್ದಿಕೊಳ್ಳಲು ಹೋಗಿಯೇ ಎರಡನೆಯದನ್ನು ಮಾಡಿದೆ.

ಮೊದಲು ಕೆಲಸಕ್ಕೆ ಸೇರಿದ್ದು ಜೇವರ್ಗಿಯಲ್ಲಿ, ನಿಜಾಮರ ಕಾಲದಲ್ಲಿ. ಸೇರಿ ಎರಡು ವಾರವಾಗಿತ್ತು. ಬೇಸಿಗೆಯ ಮಧ್ಯಾಹ್ನ, ಡಾಕ್ಟರು ಊಟಕ್ಕೆ ಹೋಗಿದ್ದರು. ಯಡ್ರಾಮಿ ಕಡೆಯ ರೈತನೊಬ್ಬ ಒಳಗೆ ನುಗ್ಗಿದ. ಮೈ ಮುಟ್ಟಿದರೆ ಕಾದ ಹಂಚು. ನಾಡಿ ನೂರಾ ಮೂವತ್ತು. ಮಾತಾಡಲು ಬಾಯಿ ತೆರೆದರೆ ಏದುಸಿರು. ನಾನು ಹಿಂದೆಮುಂದೆ ನೋಡದೆ ಚಳಿಜ್ವರವೆಂದು ತೀರ್ಮಾನಿಸಿ ಕ್ವಿನೈನ್ ನೀರು ಕುಡಿಸಿದೆ. ಅವನು ಅದನ್ನು ನುಂಗಿ, ಕಹಿಗೆ ಮುಖ ಹಿಂಡಿಕೊಂಡು, ಉಸಿರು ಸಿಕ್ಕ ಮೇಲೆ ಹೇಳಿದ: "ನನಗೇನೂ ಆಗಿಲ್ರಿ ಸಾಬ್. ಹೆಂಡ್ತಿಗೆ ಚೇಳು ಕಡದದ. ಬಂಡಿ ಹಿಂದ ಬರಾಕತ್ತದ, ನಾ ಮುಂದ ಓಡಿ ಬಂದೇನಿ."

ಹೆಂಡತಿ ಸಂಜೆಯ ಹೊತ್ತಿಗೆ ಚೇತರಿಸಿಕೊಂಡಳು. ನಾನು ಚೇತರಿಸಿಕೊಳ್ಳಲು ತಿಂಗಳು ಬೇಕಾಯಿತು. ಜೇವರ್ಗಿಯ ಡಾಕ್ಟರು ಊರಿಗೆಲ್ಲ ಕೇಳುವಂತೆ ಬೈದು, ಕೊನೆಗೆ ಒಂದು ಮಾತು ಹೇಳಿದರು: "ಓಡಿ ಬಂದವನ ನಾಡಿ ನಾಡಿಯೇ ಅಲ್ಲ. ಮೊದಲ ಕೂಡಿಸು, ನೀರು ಕೊಡು, ಆಮ್ಯಾಲ ಎಣಿಸು." ಒಳ್ಳೆಯ ಮಾತು. ಇಂದಿಗೂ ಒಳ್ಳೆಯದೇ. ಆದರೆ ನಾನು ಅದನ್ನು ಮಂತ್ರದಂತೆ ಕಟ್ಟಿಟ್ಟುಕೊಂಡೆ. ಅದಾದ ಮೇಲೆ ಯಾರೇ ಬರಲಿ, ಕಾಲು ಗಂಟೆ ಬೆಂಚಿನ ಮೇಲೆ ಕೂರಿಸದೆ ನಾನು ಮಣಿಕಟ್ಟು ಮುಟ್ಟುತ್ತಿರಲಿಲ್ಲ.

ಆ ಮಂತ್ರ ಹೊತ್ತುಕೊಂಡೇ ಆಳಂದಕ್ಕೆ ವರ್ಗವಾಗಿ ಬಂದೆ. ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲು. ಅಲ್ಲಿಯ ಡಾಕ್ಟರ ಹೆಸರು ಬರೆಯುವುದಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಎತ್ತರದ ಆಳು, ಮೂಗಿನ ತುದಿಯಲ್ಲಿ ಕೋಪ, ಗಂಟೆಗೊಂದು ಚಹಾ. ಕೈಗುಣ ಬಹಳ ಚೆನ್ನಾಗಿತ್ತು. ಒಂದೇ ವಿಚಿತ್ರ: ಯಾರಿಗಾದರೂ 'ಕೆಲಸಕ್ಕೆ ಯೋಗ್ಯ' ಎಂದು ಬರೆದು ಸಹಿ ಹಾಕುವಾಗ ಅವರ ಪೆನ್ನು ಕಾಗದದ ಮೇಲೆ ಇಳಿಯುತ್ತಲೇ ಇರಲಿಲ್ಲ. 'ಯೋಗ್ಯನಲ್ಲ' ಎಂದು ಬರೆಯುವುದಾದರೆ ಸರ್ರನೆ ಬರೆಯುತ್ತಿದ್ದರು. ಯಾಕೆಂದು ನನಗೆ ಬಹಳ ದಿನ ಗೊತ್ತಾಗಲಿಲ್ಲ.

ದವಾಖಾನೆಯಲ್ಲಿ ಸೆಕೆಂಡಿನ ಮುಳ್ಳಿದ್ದದ್ದು ಒಂದೇ ಗಡಿಯಾರಕ್ಕೆ, ಸಾಹೇಬರ ಜೇಬಿನದಕ್ಕೆ. ನಾಡಿ ಎಣಿಸುವಾಗ ಅದನ್ನು ನನಗೆ ಕೊಡುತ್ತಿದ್ದರು. ಅದು ಕೈಯಲ್ಲಿದ್ದಷ್ಟು ಹೊತ್ತು ನಾನೇ ಅರ್ಧ ಡಾಕ್ಟರು.

ವರ್ಷಕ್ಕೊಮ್ಮೆ ಟಪ್ಪಾಲಿನ ಹರ್ಕಾರರು ತಪಾಸಣೆಗೆ ಬರುತ್ತಿದ್ದರು. ಈಗಿನವರಿಗೆ ಹರ್ಕಾರ ಎಂದರೆ ಗೊತ್ತಿರಲಿಕ್ಕಿಲ್ಲ. ಮೋಟಾರು ಹೋಗದ ದಾರಿಯಲ್ಲಿ ಟಪ್ಪಾಲಿನ ಚೀಲ ಹೆಗಲಿಗೆ ಹಾಕಿಕೊಂಡು, ಗೆಜ್ಜೆ ಕಟ್ಟಿದ ಭಲ್ಲೆ ಹಿಡಿದು ಓಡುವವನೇ ಹರ್ಕಾರ. ಗೆಜ್ಜೆಯ ಸದ್ದಿಗೆ ಹಾವು ಸರಿಯುತ್ತಿತ್ತು, ಬಂಡಿಯವರು ದಾರಿ ಬಿಡುತ್ತಿದ್ದರು. ಆಳಂದದಿಂದ ಖಜೂರಿಯ ದಾರಿಯಲ್ಲಿ ಓಡುತ್ತಿದ್ದವನು ಲಾಲ್‌ಸಾಬ. ಎರಡು ಹರದಾರಿ, ಅಂದರೆ ಆರು ಮೈಲಿ, ದೂರದ ಹುಣಸೆಮರದ ಕೆಳಗೆ ಇನ್ನೊಬ್ಬನಿಗೆ ಚೀಲ ಕೊಟ್ಟು, ಅವನು ತಂದದ್ದನ್ನು ಹೊತ್ತು ತಿರುಗಿ ಓಡಿ ಬರುವುದು. ಅವನ ಅಪ್ಪನೂ ಅದೇ ದಾರಿಯಲ್ಲಿ ಓಡಿದವನು. ಲಾಲ್‌ಸಾಬನಿಗೆ ಆಗ ನಲವತ್ತರ ಹತ್ತಿರ. ಒಣಕಲು ಮೈ, ಉದ್ದ ಕಾಲು, ಕಡಿಮೆ ಮಾತು.

ತಪಾಸಣೆಯ ದಿನ ಅವನಿಗೆ ಓಟವಿರುತ್ತಿರಲಿಲ್ಲ. ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಬಂದ. ನನ್ನ ಪದ್ಧತಿಯಂತೆ ಬೆಂಚಿನ ಮೇಲೆ ಕೂರಿಸಿದೆ. ನೀರು ಕೊಟ್ಟೆ. ಕಾಲು ಗಂಟೆಯ ನಂತರ ಎಣಿಸಿದೆ. ನಲವತ್ತೆರಡು.

ಗಡಿಯಾರ ನಿಂತಿತೇನೋ ಎಂದು ಕಿವಿಗೆ ಹಿಡಿದೆ. ಓಡುತ್ತಿತ್ತು. ಬೆರಳು ತಪ್ಪಿತೇನೋ ಎಂದು ಇನ್ನೊಂದು ಕೈ ಹಿಡಿದೆ. ಅಲ್ಲಿಯೂ ನಲವತ್ತೆರಡು. ಪುಸ್ತಕದಲ್ಲಿ ಎಪ್ಪತ್ತು ಎಪ್ಪತ್ತೆರಡು ಎಂದು ಓದಿದ್ದವನು ನಾನು. ನೆಲದಲ್ಲಿ ಹೂತಿಟ್ಟ ಗಂಟು ಸಿಕ್ಕವನಂತೆ ಒಳಗೆ ಓಡಿ, "ಸಾಹೇಬ್, ಒಂದು ನಲವತ್ತೆರಡು ಬಂದದರಿ!" ಎಂದೆ. ನೆನೆದರೆ ಇಂದಿಗೂ ಕೆನ್ನೆಗೆ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಸಾಹೇಬರು ಎದೆಗೆ ನಳಿಗೆಯಿಟ್ಟು ಬಹಳ ಹೊತ್ತು ಕೇಳಿದರು.

"ತಲಿ ತಿರುಗ್ತದೇನು?"

"ಇಲ್ರಿ."

"ಎದಿ ನೋವು?"

"ಇಲ್ರಿ ಸಾಹೇಬ್."

"ಓಡುವಾಗ ದಮ್ಮು ಹತ್ತತದೇನು?"

ಲಾಲ್‌ಸಾಬ ನನ್ನ ಮುಖ ನೋಡಿದ, ಸಾಹೇಬರ ಮುಖ ನೋಡಿದ. "ಓಡಿದ್ರ ದಮ್ಮು ಹತ್ತದ ಇರ್ತದೇನ್ರಿ?" ಎಂದ.

ಸಾಹೇಬರು ಸರ್ರನೆ ಬರೆದರು: ಹೃದಯ ಅಶಕ್ತ, ಓಡಿದರೆ ದಮ್ಮು, ಓಟಕ್ಕೆ ಯೋಗ್ಯನಲ್ಲ. ಮೂರು ತಿಂಗಳು ಪೂರ್ಣ ವಿಶ್ರಾಂತಿ. ಆಮೇಲೆ ಮರುತಪಾಸಣೆ. ಅಷ್ಟರಲ್ಲಿ ನಾಡಿ ಸರಿಯಾಗದಿದ್ದರೆ ಟಪ್ಪಾಲು ಕಚೇರಿಯ ಪಟ್ಟಿಯಿಂದ ಹೆಸರು ತೆಗೆಯುವುದು. ಲಾಲ್‌ಸಾಬ ಅಂದೇ ಗೆಜ್ಜೆಯ ಭಲ್ಲೆಯನ್ನೂ ಸೊಂಟದ ಪಟ್ಟಿಯನ್ನೂ ಕಚೇರಿಯಲ್ಲಿ ಒಪ್ಪಿಸಿ ಮನೆಗೆ ಹೋದ. ಬದಲಿಗೆ ಬೇರೊಬ್ಬನನ್ನು ಹಾಕಿದರು.

ವಾರಕ್ಕೆರಡು ಸಲ ಅವನ ಮನೆಗೆ ಹೋಗಿ ನಾಡಿ ನೋಡಿ ಬರುವುದು ನನ್ನ ಪಾಲಿಗೆ ಬಂತು. ಅವನ ಹೆಂಡತಿ ಹುಸೇನಬಿ ಬಾಯಿಜೋರು ಹೆಂಗಸು, ಆದರೆ ಗಂಡನ ವಿಷಯದಲ್ಲಿ ಹತ್ತಿಯಷ್ಟು ಮೆತ್ತಗೆ. 'ಹೃದಯ ಅಶಕ್ತ' ಎಂದು ಕೇಳಿದ ದಿನದಿಂದ ಅವನಿಗೆ ತಂಬಿಗೆ ಎತ್ತಗೊಡಲಿಲ್ಲ. ಬಾವಿಗೆ ಬಿಡಲಿಲ್ಲ. ಮೆತ್ತನೆಯ ಅನ್ನ, ತುಪ್ಪ, ಹಾಲು. ಓಣಿಯ ಮಂದಿ ಅವನ ಬಾಗಿಲ ಮುಂದೆ ದನಿ ತಗ್ಗಿಸಿ ಮಾತಾಡಿಕೊಂಡು ಹೋಗುತ್ತಿದ್ದರು. ಬದುಕಿರುವ ಮನುಷ್ಯನ ಮುಂದೆ ಹಾಗೆ ಮಾತಾಡಿದರೆ ಅವನಿಗೆ ಏನನಿಸಬೇಕು?

ಲಾಲ್‌ಸಾಬ ಮೊದಲ ವಾರ ನಕ್ಕ. ಎರಡನೆಯ ವಾರ ಸುಮ್ಮನಾದ. ಮೂರನೆಯ ವಾರ ನಾನು ಹೋದಾಗ ತನ್ನ ಕೈಯನ್ನು ತಾನೇ ಹಿಡಿದುಕೊಂಡು ಕೂತಿದ್ದ. "ಎಣಿಸಾಕ ಬರಂಗಿಲ್ರಿ ನನಗ," ಎಂದ, "ಆದ್ರ ನಿಂತೀತೇನೋ ಅಂತ ಹಿಡಕೊಂಡು ಕುಂತೇನಿ."

ಇತ್ತ ನಾಡಿ ಏರುತ್ತಿತ್ತು. ನಲವತ್ತೆಂಟು, ಐವತ್ತೈದು, ಎರಡು ತಿಂಗಳು ತುಂಬುವ ಹೊತ್ತಿಗೆ ಅರವತ್ನಾಲ್ಕು. ನನಗೆ ಹಿಗ್ಗೋ ಹಿಗ್ಗು. ಸಾಹೇಬರೂ ಮೊದಲ ಸಲ ನನ್ನ ಬೆನ್ನು ತಟ್ಟಿ, "ನೋಡಿದಿ, ಆರಾಮ ಅನ್ನೋದೇ ಇಲಾಜು" ಎಂದರು. ಅವನನ್ನು ಒಮ್ಮೆ ದವಾಖಾನೆಗೆ ಕರೆದುಕೊಂಡು ಬಾ, ನಾನೇ ನೋಡುತ್ತೇನೆ ಎಂದರು.

ನಮ್ಮ ದವಾಖಾನೆಗೆ ಫರಸಿಗಲ್ಲಿನ ಒಂಬತ್ತು ಮೆಟ್ಟಿಲಿದ್ದವು. ಲಾಲ್‌ಸಾಬ ಆರನೆಯ ಮೆಟ್ಟಿಲಿಗೆ ನಿಂತ. ಏಳನೆಯದರ ಮೇಲೆ ಕೂತುಬಿಟ್ಟ. ಎದೆ ಏರಿಳಿಯುತ್ತಿತ್ತು, ಹಣೆಯ ಮೇಲೆ ಬೆವರು. ದಿನಕ್ಕೆ ನಾಲ್ಕು ಹರದಾರಿ ಓಡಿದ ಮನುಷ್ಯ! ಕೈಹಿಡಿದು ಎಬ್ಬಿಸಿದೆ. ಒಳಗೆ ಬೆಂಚಿನ ಮೇಲೆ ಕೂರಿಸಿ, ಕಾಲು ಗಂಟೆ ಬಿಟ್ಟು ಎಣಿಸಿದರೆ ಶಿಸ್ತಾಗಿ ಅರವತ್ನಾಲ್ಕು. ಸಾಹೇಬರು ಖುಷಿಯಾಗಿ ಚಹಾ ತರಿಸಿದರು. ನನಗೆ ಚಹಾ ಇಳಿಯಲಿಲ್ಲ. ಅಂಕೆ ಸರಿಯಾಗಿದೆ, ಮನುಷ್ಯ ಕೆಟ್ಟಿದ್ದಾನೆ. ಹಾಗಾದರೆ ಅಂಕೆ ಕೆಟ್ಟಿದ್ದಾಗ ಮನುಷ್ಯ ಸರಿಯಿದ್ದನೆ?

ಮನೆಗೆ ತಿರುಗಿ ಹೋಗುವಾಗ ಲಾಲ್‌ಸಾಬ ಹೇಳಿದ: "ಇನ್ನ ಓಡಾಕ ಆಗಂಗಿಲ್ರಿ ಕಂಪೌಂಡರ್ ಸಾಬ್. ನಿಮ್ಮ ಸಾಹೇಬ್ರು ಪಾಸ್ ಮಾಡಿದ್ರೂ ನಾ ಹುಣಸಿಗಿಡಾ ಮುಟ್ಟಂಗಿಲ್ಲ. ಟಪ್ಪಾಲ ತಡ ಆದ್ರ ಮತ್ತ ತಗೀತಾರ. ಅದಕ್ಕಿಂತ ಈಗೇ ಬಿಡ್ತೇನಿ ಅಂತ ಬರದು ಕೊಡ್ಲೇನು?"

ಒಂದು ತಿಂಗಳು ತಡಿ ಎಂದೆ. ಯಾವ ಧೈರ್ಯದ ಮೇಲೆ ಎಂದೆನೋ ಗೊತ್ತಿಲ್ಲ.

ಆ ವಾರದಿಂದ ನನಗೆ ಹುಚ್ಚು ಹಿಡಿಯಿತು. ಸಾಹೇಬರಿಗೆ ಏನೋ ನೆಪ ಹೇಳಿ ಗಡಿಯಾರ ಇಸಿದುಕೊಂಡು ಕಂಡಕಂಡವರ ನಾಡಿ ಎಣಿಸತೊಡಗಿದೆ. ಕಚೇರಿಯ ಗುಮಾಸ್ತರು: ಎಂಬತ್ತು, ಎಂಬತ್ತಾರು. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಕಿರಾಣಿ ಅಂಗಡಿಯವರು: ಎಂಬತ್ನಾಲ್ಕು. ನಾನು: ಎಂಬತ್ತೆರಡು. ನಿಂಬರ್ಗಾದಲ್ಲಿ ತೊಗರಿ ಕೊಯ್ಯುತ್ತಿದ್ದ ಆಳುಗಳನ್ನು ಬುತ್ತಿ ಉಂಡು ಕೂತಾಗ ಹಿಡಿದೆ: ಐವತ್ತೆಂಟು, ಅರವತ್ತು. ಒಬ್ಬ ಮುದುಕಿ, "ಹಸ್ತರೇಖಿ ನೋಡಾಕತ್ತೀರೇನ್ರಿ? ನನಗ ಇನ್ನೊಂದು ಮದುವಿ ಅದೇನು ನೋಡ್ರಿ" ಎಂದು ಹೊಲವನ್ನೆಲ್ಲ ನಗಿಸಿದಳು. ತಾಲೀಮಿನ ಪೈಲ್ವಾನರನ್ನು ಬೆಳಿಗ್ಗೆ ಸಾಮು ಶುರುಮಾಡುವ ಮೊದಲು ಎಣಿಸಿದೆ: ಐವತ್ತು, ಐವತ್ತೆರಡು. ಅವರ ಉಸ್ತಾದ ನನ್ನ ಪಾಡು ನೋಡಿ ಮರುಗಿ, "ನಮ್ಮ ಹುಡುಗರಿಗೆ ಏನರೆ ರೋಗ ಬಂದದೇನ್ರಿ?" ಎಂದ. ಇಲ್ಲ, ರೋಗ ಬಂದದ್ದು ನನ್ನ ತಲೆಗೆ ಎಂದೆ.

ಕೂತು ದುಡಿಯುವವರ ನಾಡಿ ಮೇಲೆ, ಮೈಮುರಿದು ದುಡಿಯುವವರ ನಾಡಿ ಕೆಳಗೆ. ಒಬ್ಬಿಬ್ಬರನ್ನು ಬಿಟ್ಟರೆ ಎಲ್ಲರದೂ ಹೀಗೇ. ಆಳಂದದಲ್ಲಿ ಎಲ್ಲರಿಗಿಂತ ಹೆಚ್ಚು ಓಡುವವನ ನಾಡಿ ಎಲ್ಲರಿಗಿಂತ ಕೆಳಗೆ ಇತ್ತು. ಅವನನ್ನು ಮಲಗಿಸಿ ನಾವು ಗುಮಾಸ್ತನ ನಾಡಿ ಕೊಡಿಸುತ್ತಿದ್ದೆವು. ಆಗ ಅವನ ಸಂಕಟ ಪೂರ್ತಿ ಅರ್ಥವಾಯಿತು: ಎದ್ದು ಓಡಿದರೆ ನಾಡಿ ಮತ್ತೆ ಇಳಿಯುತ್ತದೆ, ಸಾಹೇಬರು ಯೋಗ್ಯನಲ್ಲ ಎನ್ನುತ್ತಾರೆ. ಓಡದೆ ಮಲಗಿದರೆ ನಾಡಿ ಚೆನ್ನಾಗಿರುತ್ತದೆ, ಆದರೆ ಹುಣಸೆಮರ ಮುಟ್ಟುವ ಶಕ್ತಿ ಇರುವುದಿಲ್ಲ. ಎರಡು ಕಡೆಯಿಂದಲೂ ನೌಕರಿ ಹೋಗುವುದೇ. ಹಾಗೆ ಕಟ್ಟಿಹಾಕಿದ್ದು ನನ್ನ ನಲವತ್ತೆರಡು.

ಸಾಹೇಬರ ಮುಂದೆ ನಿಂತು ಹೇಳಿದೆ. ನಿರೀಕ್ಷಿಸಿದಂತೆಯೇ ಆಯಿತು. "ಕ್ಯಾ ಬಸಣ್ಣ, ಬಾಟಲಿಗೆ ಕಾಗದಾ ಹಚ್ಚಾವ ನನಗ ಹೃದಯದ ಪಾಠ ಹೇಳ್ತಿಯೇನು?" ಎಂದು ಮೇಜು ಗುದ್ದಿದರು. ಚಹಾದ ಬಟ್ಟಲು ಉರುಳಿತು. ಮಾಮೂಲಾಗಿ ನಾನು ಅಲ್ಲಿಗೆ ಸುಮ್ಮನಾಗುತ್ತಿದ್ದೆ. ಅಂದು ಮೆಟ್ಟಿಲ ಮೇಲೆ ಕೂತ ಲಾಲ್‌ಸಾಬನ ಮುಖ ಕಣ್ಣ ಮುಂದೆ ಬಂತು. "ಸಾಹೇಬ್, ಓಡೋ ಮನುಷ್ಯಾನ ತಪಾಸಣಿಯೊಳಗ ನಾವು ಒಮ್ಮೆನೂ ಅವನ್ನ ಓಡಿಸಿ ನೋಡಿಲ್ರಿ" ಎಂದೆ.

ಸಾಹೇಬರು ಉರುಳಿದ ಬಟ್ಟಲನ್ನು ತಾವೇ ಎತ್ತಿ ನಿಲ್ಲಿಸಿದರು. ಆಮೇಲೆ, ಯಾರಿಗೂ ಹೇಳದ ಕಥೆ ಹೇಳಿದರು.

ಪ್ರಾಯದಲ್ಲಿ ಅವರು ಕಾಶ್ಮೀರದ ಆಚೆ ಹಿಮದ ಬೆಟ್ಟಗಳನ್ನು ಅಳೆಯುವ ತಂಡವೊಂದರ ಜೊತೆ ಡಾಕ್ಟರಾಗಿ ಹೋಗಿದ್ದರಂತೆ. "ಅಲ್ಲಿ ಗಾಳಿ ತೆಳ್ಳಗಿರ್ತದ ಬಸಣ್ಣ. ಒಂದು ಉಸಿರು ತಗೊಂಡ್ರ ಇಲ್ಲಿಯ ಅರ್ಧ ಉಸಿರು. ಸುಮ್ಮ ಕುಂತ್ರೂ ನಾಡಿ ನೂರು. ಬೂಟಿನ ದಾರಾ ಕಟ್ಟಿದ್ರ ದಮ್ಮು. ತಲಿಶೂಲಿ, ಊಟ ಸೇರಂಗಿಲ್ಲ, ನಿದ್ದಿ ಇಲ್ಲ. ಅವಸರ ಮಾಡಬಾರದು. ಒಂದೀಟು ಏರಬೇಕು, ಒಂದು ದಿನಾ ನಿಂದರಬೇಕು. ಮೈ ಕಲೀತದ. ನಾಡಿ ಇಳೀತದ. ಮತ್ತೊಂದೀಟು ಏರಬೇಕು."

ತಂಡದಲ್ಲಿ ಬಯಲುಸೀಮೆಯ ಗಟ್ಟಿಮುಟ್ಟಾದ ಆಳೊಬ್ಬನಿದ್ದ. ಎಲ್ಲರಿಗಿಂತ ಬಲಶಾಲಿ. ಬಲವಿದ್ದುದರಿಂದಲೇ ಎಲ್ಲರಿಗಿಂತ ಮುಂದೆ ಏರುವ ಚಪಲ. ಒಂದು ಬೆಳಿಗ್ಗೆ ಕೆಮ್ಮುತ್ತ ಬಂದ. ನಾಡಿ ನೂರಾ ಇಪ್ಪತ್ತು. ಇಲ್ಲಿ ಎಲ್ಲರದೂ ಜೋರೇ ಎಂದುಕೊಂಡು ಸಾಹೇಬರು 'ಯೋಗ್ಯ' ಎಂದು ಸಹಿ ಹಾಕಿದರು. ಅವನು ಮೇಲಿನ ಬಿಡಾರಕ್ಕೆ ಏರಿದ. ಎರಡು ದಿನದಲ್ಲಿ ಬಾಯಲ್ಲಿ ನೊರೆ ಬಂದು ಹೋಗಿಬಿಟ್ಟ. "ಕೆಳಗ ಇಳಿಸಿದ್ರ ಉಳೀತಿದ್ದ," ಎಂದರು ಸಾಹೇಬರು. "ಅಂಕಿ ನೋಡಿದೆ, ಮನುಷ್ಯಾನ್ನ ನೋಡಲಿಲ್ಲ. ಅವತ್ತಿನಿಂದ ಸಹಿ ಹಾಕಾಕ ನನ್ನ ಕೈ ಬರಂಗಿಲ್ಲ."

ಪೆನ್ನು ಕಾಗದದ ಮೇಲೆ ಯಾಕೆ ಇಳಿಯುತ್ತಿರಲಿಲ್ಲ ಎಂದು ಆಗ ತಿಳಿಯಿತು. ಎರಡು ವರ್ಷ ಅವರ ಕೋಪ ಕಂಡು ಒಳಗೊಳಗೇ ಬೈದುಕೊಂಡಿದ್ದಕ್ಕೆ ನಾಚಿಕೆಯಾಯಿತು.

"ಅಲ್ಲಿ ಹೊರೆ ಹೊರುವ ಬೆಟ್ಟದ ಮಂದಿ ಇದ್ದಿರಬೇಕಲ್ರಿ, ಅವರ ನಾಡಿ ಎಣಿಸಿದ್ರೇನು?" ಎಂದು ಕೇಳಿದೆ.

"ಎಣಿಸಿದ್ದೆ. ನಮಗಿಂತ ಭಾಳ ಕಡಿಮಿ ಇತ್ತು. ಅವರ ಹುಟ್ಟೇ ಬ್ಯಾರೆ ಅಂತ ಬಿಟ್ಟುಬಿಟ್ಟೆ." ನನ್ನ ಕಡೆ ನೋಡದೆ ಕೇಳಿದರು: "ಮರುತಪಾಸಣೆಗೆ ಎಷ್ಟು ದಿನಾ ಉಳದಾವು?"

"ಇಪ್ಪತ್ತನಾಕು."

"ಹಂಗಾದ್ರ ಲಾಲ್‌ಸಾಬನ್ನ ಬೆಟ್ಟಾ ಏರಿಸೋಣು" ಎಂದರು.

ಖಜೂರಿ ದಾರಿಯಲ್ಲಿ ಬೆಟ್ಟವೆಲ್ಲಿಂದ ಬರಬೇಕು? ಅಂಗೈಯಷ್ಟು ಸಪಾಟಾದ ಎರೆಭೂಮಿ. ಆದರೆ ಎರಡು ತಿಂಗಳು ಮಲಗಿದವನಿಗೆ ಬಾವಿಕಟ್ಟೆಯೇ ಬೆಟ್ಟ. ಹಿಮದಲ್ಲಿ ಮಾಡಿದಂತೆಯೇ ಮಾಡುವುದು: ಒಂದು ದಿನ ಬಾವಿಯವರೆಗೆ ನಡಿಗೆ, ಮರುದಿನ ಅಷ್ಟೇ. ಆಮೇಲೆ ಊರ ಅಗಸೆ ಬಾಗಿಲಿನವರೆಗೆ, ಮತ್ತೆ ನಿಲ್ಲುವುದು. ಆಮೇಲೆ ಮೊದಲ ಮೈಲಿಗಲ್ಲು. ಮೈ ಕಲಿತಷ್ಟೇ ಮುಂದೆ.

ನಾನು ಹಾರುತ್ತ ಹೋಗಿ ಲಾಲ್‌ಸಾಬನ ಮನೆಯಲ್ಲಿ ಹೇಳಿದರೆ ಹುಸೇನಬಿ ಬಾಗಿಲಿಗೆ ಅಡ್ಡ ನಿಂತಳು.

"ಏನ್ರಿ ನಿಮ್ಮ ಮಾತಿನ ರೀತಿ? ಅವತ್ತ ನೀವೇ ಎಣಿಸಿ ಮಲಗಿಸಿದ್ರಿ. ಇವತ್ತ ನೀವೇ ಎಬ್ಬಿಸಾಕ ಬಂದೀರಿ. ಅವರೇನು ಮನುಷ್ಯಾರೋ, ನಿಮ್ಮ ಮದ್ದಿನ ಬಾಟಲಿಯೋ, ಅಲುಗಾಡಿಸಿ ಅಲುಗಾಡಿಸಿ ನೋಡಾಕ?"

ತಪ್ಪು ನನ್ನದೇ ಎಂದೆ. ನಲವತ್ತೆರಡು ರೋಗವಲ್ಲ, ಓಡಿ ಓಡಿ ಹೃದಯ ದೊಡ್ಡ ಬಲ ಗಳಿಸಿದೆ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಎತ್ತಿ ಹಾಕುತ್ತದೆ, ಅದಕ್ಕೇ ಕಡಿಮೆ ಬಡಿದರೆ ಸಾಕಾಗುತ್ತದೆ ಎಂದು ತಿಳಿದಷ್ಟು ಹೇಳಿದೆ. ಅವಳು ಕೇಳಿಸಿಕೊಂಡಳು. ಅಂಗಳದಲ್ಲಿದ್ದ ಕೊಡದ ಕಡೆ ನೋಡಿದಳು.

"ಅಂದ್ರ, ದೊಡ್ಡ ಕೊಡದಾಗ ಸೇದಿದ್ರ ನಾಕು ಸಲಕ್ಕ ಹಂಡೆ ತುಂಬ್ತದ. ತಂಬಿಗ್ಯಾಗ ಸೇದಿದ್ರ ಕೈ ಬಿದ್ದು ಹೋಗೂತನಾ ಸೇದಬೇಕು. ಹಂಗೇನ್ರಿ?"

"ಹಂಗೇ ಅಕ್ಕಾ. ಅದೇ."

"ನಂ ಮನಿಯಾವ್ರದು ದೊಡ್ಡ ಕೊಡಾ?"

"ಆಳಂದದಾಗ ಅಷ್ಟು ದೊಡ್ಡದು ಯಾರದೂ ಇಲ್ಲ."

ಒಳಗೆ ಮಲಗಿದ್ದ ಲಾಲ್‌ಸಾಬ ಎದ್ದು ಕೂತಿದ್ದ. ಎರಡು ತಿಂಗಳಲ್ಲಿ ಮೊದಲ ಸಲ ಅವನ ಮುಖದಲ್ಲಿ ಕಳೆ ಕಂಡೆ. ಹುಸೇನಬಿ ಬಾಗಿಲು ಬಿಟ್ಟು ಸರಿದಳು. ಆದರೆ ಒಂದು ಕರಾರು ಹಾಕಿದಳು: "ಅವರು ಎಷ್ಟು ನಡೀತಾರ, ನೀವೂ ಅಷ್ಟು ನಡೀಬೇಕು. ಏನರೆ ಆದ್ರ ನೀವು ಬಾಜೂಕ ಇರಬೇಕು."

ಆ ಮೂರು ವಾರ ನನ್ನ ಜೀವಮಾನದಲ್ಲಿ ಮರೆಯಲಾರೆ. ಬೆಳಿಗ್ಗೆ ಹೊಲಗಳ ನಡುವೆ ಇಬ್ಬರೂ ಹೊರಡುತ್ತಿದ್ದೆವು. ಮೊದಲ ವಾರ ಅವನಿಗೆ ದಮ್ಮು, ನಾನು ಧೈರ್ಯ ಹೇಳುವುದು. ಎರಡನೆಯ ವಾರ ಇಬ್ಬರಿಗೂ ದಮ್ಮು. ಮೂರನೆಯ ವಾರ ನನಗೆ ದಮ್ಮು, ಅವನು ಧೈರ್ಯ ಹೇಳುವುದು. "ಮೂಗಿಲೆ ಉಸಿರು ತಗೋರಿ, ಬಾಯಿ ಮುಚ್ರಿ, ಮಾತಾಡಬ್ಯಾಡ್ರಿ" ಎನ್ನುತ್ತಿದ್ದ. ನಾನು ಮಾತಾಡದೆ ಇರುವುದು ಎಂದರೆ ಅದೇ ದೊಡ್ಡ ವ್ಯಾಯಾಮ. ಒಂದು ದಿನ ಮೈಲಿಗಲ್ಲಿನ ಹತ್ತಿರ ನಡೆಯುತ್ತಿದ್ದವನು ಹೇಳದೆ ಕೇಳದೆ ಓಡತೊಡಗಿದ. ಅವನ ಬೆನ್ನು ದೂರ ಸರಿಯುವುದನ್ನು ನೋಡುತ್ತ ದಾರಿಯಲ್ಲೇ ಕೂತು ಅತ್ತೆ. ಯಾರೂ ನೋಡಲಿಲ್ಲ, ನೋಡಿದ್ದರೂ ಚಿಂತೆಯಿರಲಿಲ್ಲ.

ಮರುತಪಾಸಣೆಯ ದಿನ ಸಾಹೇಬರು ಬೆಂಚನ್ನು ಮೂಲೆಗೆ ಸರಿಸಲು ಹೇಳಿದರು. ಕೂತ ನಾಡಿ ಎಣಿಸಿದಾಗ ಐವತ್ತಾರು. ಮತ್ತೆ ಇಳಿಯುತ್ತಿದೆ. ಸಾಹೇಬರ ಮುಖ ನೋಡಿದೆ. ಅವರು ಹೊರಗೆ ಬಂದು, "ಮಿಯಾ, ಮೊದಲನೇ ಮೈಲಿಗಲ್ಲು ಮುಟ್ಟಿ ಓಡಿ ಬಾ. ಬಸಣ್ಣ, ನೀನೂ ಓಡು" ಎಂದರು. ನಾನು ಯಾಕೆ ಎಂದರೆ, "ಹೋಲಿಸಿ ನೋಡಾಕ ಒಬ್ಬ ಗುಮಾಸ್ತ ಬೇಕಲ್ಲ" ಎಂದರು. ಗೇಟಿನ ಹೊರಗೆ ಸೆರಗು ಹಲ್ಲಲ್ಲಿ ಕಚ್ಚಿಕೊಂಡು ಹುಸೇನಬಿ ನಿಂತಿದ್ದಳು.

ಲಾಲ್‌ಸಾಬ ಬಂದು ಎಷ್ಟೋ ಹೊತ್ತಾದ ಮೇಲೆ ನಾನು ಬಂದೆ. ಆದ್ದರಿಂದ ಅವನ ಅಂಕೆಗಳನ್ನು ಸಾಹೇಬರೇ ಎಣಿಸಿದರು. ಬಂದ ಕೂಡಲೇ ನೂರಾ ನಲವತ್ತೆಂಟು. ಒಂದು ನಿಮಿಷಕ್ಕೆ ನೂರಾ ನಾಲ್ಕು. ಮೂರು ನಿಮಿಷಕ್ಕೆ ಎಪ್ಪತ್ತೆಂಟು. ಐದಕ್ಕೆ ಅರವತ್ತು. ಬೇಕಾದಾಗ ಏರಿ, ಬೇಡವಾದಾಗ ತಾನೇ ಮನೆಗೆ ಬಂದು ಕೂತ ನಾಡಿ. ನನ್ನದು ಐದು ನಿಮಿಷ ಕಳೆದರೂ ನೂರಾ ಇಪ್ಪತ್ತರ ಕೆಳಗೆ ಬರಲಿಲ್ಲ. ಸಾಹೇಬರು ನಗುತ್ತ, "ಇವರಿಬ್ಬರೊಳಗ ಮಲಗಿಸಬೇಕಾದಾವ ಯಾರು?" ಎಂದು ಸುತ್ತ ನಿಂತವರನ್ನು ಕೇಳಿದರು.

ಆಮೇಲೆ ಒಳಗೆ ಹೋಗಿ ಕೂತರು. ಕಾಗದ ಎಳೆದುಕೊಂಡರು. ಪೆನ್ನು ಗಾಳಿಯಲ್ಲಿ ನಿಂತಿತು. ನಾನು ಉಸಿರು ಹಿಡಿದೆ. ಮೊದಲೇ ಉಸಿರು ಕಡಿಮೆಯಿತ್ತು. ಸಾಹೇಬರು ತಲೆಯೆತ್ತಿ ಲಾಲ್‌ಸಾಬನನ್ನು ನೋಡಿದರು. ಅಂಕೆಯನ್ನಲ್ಲ, ಅವನ ಕಣ್ಣು, ತುಟಿ, ಉಸಿರು, ನಿಂತ ರೀತಿ, ಎಲ್ಲವನ್ನೂ ನೋಡಿದರು. "ಓಡ್ತಿಯೇನಪ್ಪ?" ಎಂದು ಕೇಳಿದರು.

"ಓಡ್ತೇನಿ ಸಾಹೇಬ್."

'ಯೋಗ್ಯ' ಎಂದು ಬರೆದು ಸಹಿ ಹಾಕಿದರು. ಪೆನ್ನು ಕೆಳಗಿಟ್ಟು ಕುರ್ಚಿಗೆ ಒರಗಿ ದೊಡ್ಡದಾಗಿ ಉಸ್ಸೆಂದರು. ಆ ಉಸಿರು ಲಾಲ್‌ಸಾಬನೊಬ್ಬನಿಗಾಗಿ ಬಿಟ್ಟದ್ದಲ್ಲ. ಹಿಮದಲ್ಲಿ ಉಳಿದುಹೋದ ಆ ಆಳಿಗಾಗಿ ಎಷ್ಟೋ ವರ್ಷದಿಂದ ಹಿಡಿದಿಟ್ಟುಕೊಂಡದ್ದು ಎಂದು ನನಗನಿಸಿತು. ನನಗಂತೂ ಎದೆಯ ಮೇಲಿನ ಕಲ್ಲು ಇಳಿದು ಮೈ ಹಗುರಾಯಿತು. ಮರುದಿನ ಗೆಜ್ಜೆಯ ಸದ್ದು ದವಾಖಾನೆಯ ಮುಂದಿನಿಂದ ಖಜೂರಿ ಕಡೆಗೆ ಹೋದಾಗ ಮದ್ದು ಅರೆಯುವುದನ್ನು ನಿಲ್ಲಿಸಿ ಕೇಳಿದೆ.

ಯುದ್ಧದ ಕಾಲದಲ್ಲಿ ನನಗೆ ಅಫಜಲಪುರಕ್ಕೆ ವರ್ಗವಾಯಿತು. ಅಲ್ಲಿಗೆ ಬಂದ ಹೊಸ ಡಾಕ್ಟರೊಬ್ಬರು ಒಂದು ಕಟ್ಟಿಗೆಯ ಪೆಟ್ಟಿಗೆ ಇಡಿಸಿ, ತಪಾಸಣೆಗೆ ಬಂದವರನ್ನು ಅದರ ಮೇಲೆ ಹತ್ತಿಸಿ ಇಳಿಸಿ, ದಣಿದ ಮೇಲೆ ನಾಡಿ ಎಣಿಸುವ ಪದ್ಧತಿ ತಂದರು. ಇದು ಬಹಳ ಹೊಸ ವಿಧಾನ, ನಿಮಗೆ ಗೊತ್ತಿರಲಿಕ್ಕಿಲ್ಲ ಎಂದರು. ಗೊತ್ತಿಲ್ರಿ ಎಂದೆ. ದೊಡ್ಡವರ ಖುಷಿ ಯಾಕೆ ಕೆಡಿಸಬೇಕು? ಇದನ್ನು ಓದುವ ನಿಮಗೆ ಹೇಳುವುದು ಇಷ್ಟೇ: ಕೂರಿಸಿಯೂ ಎಣಿಸಿ, ಓಡಿಸಿಯೂ ಎಣಿಸಿ, ಎರಡನ್ನೂ ಎಣಿಸಿದ ಮೇಲೆ ಗಡಿಯಾರ ಜೇಬಿಗಿಟ್ಟು ಮನುಷ್ಯನ ಮುಖ ನೋಡಿ. ನಾಡಿ ಕಡಿಮೆಯಿದ್ದವರೆಲ್ಲ ಲಾಲ್‌ಸಾಬರಲ್ಲ; ತಲೆ ತಿರುಗಿ ಬೀಳುವವರೂ ಇರುತ್ತಾರೆ. ಅವರನ್ನು ಡಾಕ್ಟರಿಗೆ ತೋರಿಸಲೇಬೇಕು.

ಇನ್ನು ನರ್ಸಮ್ಮ ಎಣಿಸಿದ ನನ್ನ ಐವತ್ನಾಲ್ಕು ಎಲ್ಲಿಂದ ಬಂತು ಎಂಬುದು ಉಳಿಯಿತು.

ನಾನಿನ್ನೂ ಆಳಂದದಲ್ಲಿದ್ದಾಗಲೇ ಮರುವರ್ಷದ ತಪಾಸಣೆ ಬಂತು. ಲಾಲ್‌ಸಾಬ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಬಂದ. ಬೆಂಚಿನ ಮೇಲೆ ಕೂರಿಸಿ, ನೀರು ಕೊಟ್ಟು, ಕಾಲು ಗಂಟೆಯ ನಂತರ ಎಣಿಸಿದೆ. ಕಿಟಕಿಯ ಹೊರಗೆ ಹುಸೇನಬಿ ನಿಂತಿದ್ದಳು.

"ಎಷ್ಟ್ರಿ?" ಎಂದಳು.

"ನಲವತ್ತೆರಡು!" ಎಂದು ಕೂಗಿದೆ.

ಒಳಗೆ ಬಂದು ಸೆರಗಿನ ಗಂಟು ಬಿಚ್ಚಿ ಸಕ್ಕರೆ ತೆಗೆದಳು. ಬೆಂಚಿನ ಮೇಲಿದ್ದ ರೋಗಿಗಳಿಗೆಲ್ಲ ಹಂಚಿದಳು. ಸಾಹೇಬರೂ ಕೈಯೊಡ್ಡಿ ಇಸಿದುಕೊಂಡರು. ಕೊನೆಗೆ ನನ್ನ ಅಂಗೈಗೆ ಒಂದು ಚಿಟಿಕೆ ಹಾಕಿ, ಹಾಕಿದ ಕೈಯಿಂದಲೇ ನನ್ನ ಮಣಿಕಟ್ಟು ಹಿಡಿದಳು.

"ನಿಮ್ಮದೆಷ್ಟದ ಈಗ?"

ಆ ಮೂರು ವಾರದ ನಡಿಗೆಯನ್ನು ನಾನು ಬಿಟ್ಟು ಎಷ್ಟೋ ತಿಂಗಳಾಗಿತ್ತು. "ಎಂಬತ್ತೆರಡು" ಎಂದೆ.

ಅವಳ ಮುಖದಲ್ಲಿ ಮರುಕ ಕಂಡಿತು, ಹಿಂದಿನ ವರ್ಷ ಓಣಿಯ ಮಂದಿ ಅವಳ ಗಂಡನ ಮುಂದೆ ತೋರಿಸುತ್ತಿದ್ದಂಥದೇ ಮರುಕ. ಅಲ್ಲಿಯವರೆಗೆ ಕಂಪೌಂಡರ್ ಸಾಬ್ ಎನ್ನುತ್ತಿದ್ದವಳು ಅಂದು, "ತಂಬಿಗ್ಯಾಗ ಸೇದಾಕತ್ತೀಯಲ್ಲೋ ತಮ್ಮಾ," ಎಂದಳು. "ನಾಳಿಂದ ಇವರ ಸಂಗಾಟ ಅಗಸಿತನಾ ನಡಿ."

ಮರುದಿನ ನಡೆದೆ. ಇಂದು ಬೆಳಿಗ್ಗೆಯೂ ನಡೆದು ಬಂದೇ ಇದನ್ನು ಬರೆದು ಮುಗಿಸಿದ್ದೇನೆ.